ಕುರಿ ಹೂತ ಮೂಲೆ

ತಮ್ಮ ನನ್ನೊಂದಿಗೆ ಮಾತು ಬಿಟ್ಟಿದ್ದಾನೆ. ಅವನ ಸಿಟ್ಟಿಗೆ ಕಾರಣವಿದೆ. ಆದರೆ ಊರಲ್ಲಿ ಅವನು ಹೇಳಿಕೊಂಡು ತಿರುಗುತ್ತಿರುವಂತೆ ನಾನು ನಾಲ್ಕು ದಿನ ತಡಮಾಡಲಿಲ್ಲ. ದಿನಚರಿ, ಬಸ್ಸಿನ ಟಿಕೆಟ್ಟು, ಫೋನಿನ ಕರೆಗಳ ಪಟ್ಟಿ ಮೂರನ್ನೂ ತಾಳೆ ನೋಡಿದ್ದೇನೆ: ಎರಡೇ ದಿನ.

ಸೋಮವಾರ ಬೆಳಿಗ್ಗೆ ಅವನು ನಮ್ಮೂರು ಪೂರಿಗಾಲಿಯಿಂದ, ಮದ್ದೂರಿನಲ್ಲಿದ್ದ ನನಗೆ ಫೋನ್ ಮಾಡಿ, ಹೊಲದ ತಗ್ಗಿನ ಮೂಲೆಯಲ್ಲಿ ಕೃಷಿಹೊಂಡ ತೆಗೆಸುವುದಾಗಿ ತಿಳಿಸಿದ. ನನ್ನ ಬಾಲ್ಯದಲ್ಲಿ ಆ ಹೊಲದ ಯಾವುದೋ ಮೂಲೆಯಲ್ಲಿ ನೆರಡಿ, ಅಂದರೆ ಆಂಥ್ರಾಕ್ಸ್ ರೋಗದ ಕುರಿಯೊಂದನ್ನು ಹೂತಿದ್ದರು. ಗುಡ್ಡೆಬಾಡಿಗೆಂದು ಕೊಯ್ದು ಮನೆಗೊಂದು ಪಾಲು ಮಾಂಸ ಹಾಕುವಾಗ, ಹೆಪ್ಪುಗಟ್ಟದ ಕಪ್ಪು ರಕ್ತ ಕಂಡು ಹೆದರಿ ಮಣ್ಣು ಮಾಡಿದ್ದರು. ಅಪ್ಪನ ಹಳೆಯ ಪಂಚಾಂಗವೊಂದರ ಅಂಚಿನಲ್ಲಿ ‘ಕುರಿ ಹೂತಿದ್ದು ತಗ್ಗಿನ ಮೂಲೆ’ ಎಂಬ ಟಿಪ್ಪಣಿ ಅಂದೇ ಸಿಕ್ಕಿತು. ಅಷ್ಟು ಸಾಕಾಗಿತ್ತು. ನಾನಾದರೋ ಎರಡನೆಯ ಸಾಕ್ಷ್ಯವಿಲ್ಲದೆ ಬಾಯಿ ತೆರೆಯಬಾರದೆಂದು ಮಂಗಳವಾರವಿಡೀ ಮಳವಳ್ಳಿಯಲ್ಲಿ, ಪಶು ಆಸ್ಪತ್ರೆಯ ಹಳೆಯ ನೌಕರರೊಬ್ಬರನ್ನು ಹುಡುಕುತ್ತ ಕಳೆದೆ.

ಬುಧವಾರ ಹೊಲಕ್ಕೆ ಹೋದಾಗ ಜೆಸಿಬಿ ಕೆಲಸ ಮುಗಿಸಿ ಹೋಗಿತ್ತು. ಎತ್ತಿ ಹಾಕಿದ ಮಣ್ಣಿನ ಮಗ್ಗುಲಲ್ಲೇ ತಮ್ಮನ ಕುರಿಗಳು ಮೇಯುತ್ತಿದ್ದವು.

“ಕುರಿ ಅತ್ಲಾಗೆ ಹೊಡಿ. ಆ ಮಣ್ಣಲ್ಲಿ ನೆರಡಿ ಇದೆ.”

“ಅಪ್ಪನ್ ಕಾಲದ್ದು ಕಣಣ್ಣ! ಮೂಳೆನೇ ಮಣ್ಣಾಗೋಗಿರ್ತದೆ, ನಿನ್ ಹುಳ ಉಳ್ಕಂಡದಾ?”

ಕಾಲೇಜಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನ ಕಲಿಸಿದ ನೌಕರಿಯುದ್ದಕ್ಕೂ ನಾನು ಅಭ್ಯಾಸ ಮಾಡಿದ್ದು ಅದು ಹೇಗೆ ಉಳಿಯುತ್ತದೆಂಬುದನ್ನೇ. ಆಹಾರ ತೀರಿದಾಗ ಬ್ಯಾಕ್ಟೀರಿಯಾ ತನ್ನೊಳಗೆ ಬೀಜಾಣು ಕಟ್ಟುತ್ತದೆ. ತಿರುಳಿನ ಸುತ್ತ ತೆಳುವಾದ ಭಿತ್ತಿ. ಅದರ ಹೊರಗೆ ಇನ್ನೊಂದು, ದಪ್ಪನೆಯದು. ಈ ಹೊರಭಿತ್ತಿಯಲ್ಲಿ ಸಕ್ಕರೆ ಅಣುಗಳ ಎಳೆಗಳನ್ನು ಬಿಗಿಯುವ ಗಂಟುಗಳು ವಿರಳ. ಸಡಿಲ ಹೆಣಿಗೆಯಾದರೂ ತಿರುಳಿಗೆ ನೀರು ತುಂಬದಂತೆ ತಡೆಯುವುದು ಅದೇ. ನೀರು ಬತ್ತಿದ ತಿರುಳು ಉಣ್ಣದೆ, ಬೆಳೆಯದೆ, ಬಿಸಿಲಿಗೂ ಬರಗಾಲಕ್ಕೂ ಜಗ್ಗದೆ ದಶಕಗಟ್ಟಲೆ ಬಿದ್ದಿರುತ್ತದೆ. ಕುರಿಯ ಮೈ ಸೇರಿದೊಡನೆ ಆ ಭಿತ್ತಿಯನ್ನು ತಾನೇ ಕರಗಿಸಿ, ನೀರು ಹೀರಿ, ಎದ್ದು ಕೊಲ್ಲುತ್ತದೆ. ಇಷ್ಟನ್ನೂ ತಮ್ಮನಿಗೆ ಹೇಳಿದೆ.

“ಆ ಮೂಲೆ ಅಂತ ಯಾವತ್ ಗೊತ್ತಾಯ್ತು ನಿಂಗೆ?”

“ಸೋಮವಾರ. ಖಾತ್ರಿ ಇರಲಿಲ್ಲ.”

“ಬಾಯ್ಗೆ ಬೀಗ ಆಕಂಡಿದ್ದಾ? ತಗೀಬ್ಯಾಡ ಕಣ್ಲಾ ಅಂತ ಒಂದ್ ಮಾತ್ ಅಂದಿದ್ರೆ ಜೆಸಿಬಿಯವುನ್ನ ವಾಪಸ್ ಕಳುಸ್ತಿರ್ನಿಲ್ವಾ? ಖಾತ್ರಿಯಂತೆ, ಖಾತ್ರಿ!”

ನಾನು ಅಲ್ಲೇ ಉಳಿದೆ. ಭಾನುವಾರ ಅವನ ಟಗರು ನಿಂತಲ್ಲೇ ಕುಸಿದು ಸತ್ತಿತು, ಮೂಗಿನಲ್ಲಿ ರಕ್ತ. ನೆರೆಯವರು ಆಗಲೇ ಪಾತ್ರೆ ಹಿಡಿದು ಬಂದಿದ್ದರು.

“ಇನ್ನೂ ಮೈ ಬಿಸಿ ಅದೆ, ಕುಯ್ದ್ಬುಡು. ಮೇಷ್ಟ್ರಿಗೆ ಲಿವರ್ ಕೊಟ್ರೆ ಸುಮ್ಕಾಯ್ತಾರೆ,” ಎಂದು ಒಬ್ಬ ನಕ್ಕ.

ತಮ್ಮ ಚೂರಿ ತೆಗೆದ. ನಾನು ಅವನ ಮಣಿಕಟ್ಟು ಹಿಡಿದೆ. “ಕೊಯ್ದು ರಕ್ತಕ್ಕೆ ಗಾಳಿ ತಾಕಿದರೆ ಬೀಜಾಣು ಕಟ್ಟುತ್ತದೆ. ಹಾಗೇ ಹೂತರೆ ಹೆಣ ಕೊಳೆಯುವಾಗ ಬ್ಯಾಕ್ಟೀರಿಯಾ ಒಳಗೇ ಸಾಯುತ್ತದೆ.”

“ಕೈ ಬುಡು. ನೆರಡಿನೇ ಅಂತ ಖಾತ್ರಿನಾ?”

ರಕ್ತದ ಪರೀಕ್ಷೆಯಾಗಿರಲಿಲ್ಲ. ನನ್ನ ಬಳಿ ಒಂದು ಸಾಕ್ಷ್ಯವೂ ಇರಲಿಲ್ಲ.

“ಇಲ್ಲ. ಆದರೂ ಕೊಯ್ಯಬೇಡ.”

ತಮ್ಮ ಚೂರಿ ಕೆಳಗಿಟ್ಟ. ನೆರೆಯವರು ಬೈದುಕೊಂಡು ಹೋದರು. ಸುಣ್ಣ ಸುರಿದು ಆಳವಾಗಿ ಹೂತೆವು. ಪಶುವೈದ್ಯೆ ಮರುದಿನ ಬಂದು ಉಳಿದವಕ್ಕೆ ಲಸಿಕೆ ಹಾಕಿದರು. ಅದು ಮೈಗೆ ಹತ್ತುವ ಮೊದಲೇ ಇನ್ನೆರಡು ಕುರಿ ಸತ್ತವು. ಅವನ್ನೂ ಕೊಯ್ಯಲಿಲ್ಲ. ಕೊನೆಯ ಗುಂಡಿ ಮುಚ್ಚಿದ ಮೇಲೆ ತಮ್ಮ ನನ್ನ ಬ್ಯಾಗನ್ನು ತಂದು ರಸ್ತೆಯ ಬದಿಯಲ್ಲಿಟ್ಟ.

“ಬಸ್ಸು ಬತ್ತದೆ. ಓಗು.”