ಬೂಟು ತಿಕ್ಕುವವನ ಮಹಾಮೌನ

ನಮ್ಮ ಕಾಡಿಗೆ ಒಂದು ಬಾಗಿಲಿದೆ, ಕದವಿಲ್ಲ. ಎರಡು ಓಹಿಯಾ ಮರ, ನಡುವೆ ಒಂದು ಹಗ್ಗ, ಅಷ್ಟೇ. ಹಗ್ಗದ ಪಕ್ಕ ತಗಡಿನ ಮೇಜು, ಮೇಜಿನ ಮೇಲೆ ಬ್ರಶ್ಶು ಮತ್ತು ಸ್ಪಿರಿಟ್ ಬಾಟಲಿ. ಮೇಜಿನ ಹಿಂದೆ ಮೊದಲು ಕಾಣುವುದು ಒಂದು ಹೊಟ್ಟೆ. ಅದರ ಹಿಂದೆ ಉಳಿದ ನಾನೂ ಇರುತ್ತೇನೆ. ಹೆಸರು ಪಾಲಾನಿ. ವಾರವೆಲ್ಲ ಕೆಳಗಿನ ಹಿಲೋ ಪೇಟೆಯಲ್ಲಿ ಟೈರ್ ಅಂಗಡಿ, ಶನಿವಾರ ಕಾಡಿನ ಸೇವೆ.

ಈ ಸೇವೆಗೆ ನಾನಾಗಿ ಬಂದವನಲ್ಲ. 'ರಜಾ ದಿನ ಮನೇಲಿ ಕೂತು ನನ್ನ ತಲೆ ತಿನ್ನೋ ಬದ್ಲು, ಕಾಡಿಗಾದ್ರೂ ಹೋಗಿ, ಅಲ್ಲಿ ಸೊಳ್ಳೆಗಳಿಗೆ ನಿಮ್ಮ ಮಾತು ಅರ್ಥ ಆಗಲ್ಲ' ಎಂದು ಹೆಂಡತಿ ಲಾಹೇಲಾ ಅಟ್ಟಿದಳು. ಹೋದ ಮೊದಲ ದಿನವೇ ನನ್ನ ಪರಾಕ್ರಮ ನೋಡಬೇಕಿತ್ತು. ಎಲ್ಲೆಲ್ಲಿಂದಲೋ ಬಂದು ಕಾಡನ್ನು ನುಂಗುತ್ತಿರುವ ಕೆಂಪು ಸೀಬೆಗಿಡಗಳನ್ನು ಕೀಳಬೇಕಿತ್ತು. ಇಡೀ ಇಳಿಜಾರನ್ನು ಬೋಳಿಸಿ, ಗೆದ್ದ ಸೇನಾಪತಿಯಂತೆ ಸೊಂಟಕ್ಕೆ ಕೈಯಿಟ್ಟು ನಿಂತೆ. ಕಿತ್ತ ರಾಶಿಯ ತಳದಲ್ಲಿ, ಹಿಂದಿನ ತಿಂಗಳಷ್ಟೇ ಶಾಲೆಯ ಮಕ್ಕಳು ನೆಟ್ಟಿದ್ದ, ಈ ಕಾಡಿನದೇ ಆದ ಮಾಮಾಕಿ ಸಸಿಗಳು ಮಲಗಿದ್ದವು.

ಆಮೇಲೆ ನನ್ನನ್ನು ಬೇಲಿಯ ಕೆಲಸಕ್ಕೆ ಹಾಕಿದರು. ಕಾಡುಹಂದಿ ಒಳಗೆ ಬಾರದ ಹಾಗೆ ತಂತಿ ಬಿಗಿಯಬೇಕು. ಬಿಗಿದೆ. ನನ್ನಷ್ಟು ಭದ್ರವಾಗಿ ಬೇಲಿ ಕಟ್ಟಿದವರು ಈ ದ್ವೀಪದಲ್ಲೇ ಇಲ್ಲ. ಆದರೆ ಹಂದಿ ಒಳಗಡೆಯೇ ಇತ್ತು.

ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬ್ರಶ್ಶಿಗೆ ಬಂದು ನಿಂತೆ. ಕೆಲಸ ಚಿಕ್ಕದು, ಕಾರಣ ದೊಡ್ಡದು. ಓಹಿಯಾ ಮರಗಳಿಗೆ ಒಂದು ರೋಗ ಬಂದಿದೆ. ಬೂಟಿಗಂಟಿದ ಮಣ್ಣಿನಲ್ಲಿ, ಕಡಿದು ತಂದ ಕೊಂಬೆಯಲ್ಲಿ ಸದ್ದಿಲ್ಲದೆ ಬರುತ್ತದೆ. ಚೆನ್ನಾಗಿಯೇ ಇದ್ದ ಮರ ಕೆಲವೇ ವಾರದಲ್ಲಿ ಒಣಗಿ ಪೊರಕೆಯಾಗುತ್ತದೆ. ಮೋಡವನ್ನು ಹಿಡಿದು ನೀರಿಳಿಸುವುದು ಈ ಮರಗಳೇ. ಇವು ಹೋದರೆ ಕೆಳಗಿನ ಊರುಗಳ ನಲ್ಲಿಯಲ್ಲಿ ಗಾಳಿ ಬರುತ್ತದೆ. ಅದಕ್ಕೇ ಯಾರೇ ಬರಲಿ, ಬೂಟು ತಿಕ್ಕಿ ಸ್ಪಿರಿಟ್ ಹೊಡೆಯಬೇಕು. ಹೊರಗಿನ ಓಹಿಯಾ ಕೊಂಬೆಯಾಗಲಿ, ಅದರ ಕೆಂಪು ಲೆಹುವಾ ಹೂವಾಗಲಿ ಹಗ್ಗ ದಾಟಬಾರದು.

ನನ್ನ ಈ ಪದವಿಯನ್ನು ಕಂಡು ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವನು ಲಾಹೇಲಾಳ ತಮ್ಮ ವಿಕೋಲಿ. ಅವನು ಹುಲಾ ಕುಣಿತದ ಗುರು. ಅವನ ಮುಂದೆ ಶಿಷ್ಯರು ಸೀನುವುದಕ್ಕೂ ಅಪ್ಪಣೆ ಕೇಳುತ್ತಾರೆ.

'ಏನ್ ಭಾವ, ಟೈರಿಂದ ಬೂಟಿಗೆ ಬಡ್ತಿನಾ?' ಎನ್ನುತ್ತಿದ್ದ.

'ಎರಡೂ ರಬ್ಬರೇ ಅಲ್ವೇನಪ್ಪ' ಎನ್ನುತ್ತಿದ್ದೆ. ಅದಕ್ಕಿಂತ ಹರಿತವಾದ ಉತ್ತರಗಳು ನನಗೆ ಮನೆಗೆ ಹೋದ ಮೇಲೆ ಹೊಳೆಯುತ್ತಿದ್ದವು.

ಬೂಟು ತಿಕ್ಕಿದ ಮಾತ್ರಕ್ಕೆ ಒಳಗೆ ಹೋಗುವಂತಿಲ್ಲ. ಹಗ್ಗದಾಚೆ ನಿಂತು ಹಾಡಿನಲ್ಲಿ ಅಪ್ಪಣೆ ಕೇಳಬೇಕು. ಒಳಗಿನವರು ಹಾಡಿನಲ್ಲೇ ಬರಮಾಡಿಕೊಳ್ಳಬೇಕು. ಮನಸ್ಸಿಟ್ಟು ಕೇಳಲಿಲ್ಲ ಅನ್ನಿಸಿದರೆ ಉತ್ತರ ಬರುವುದಿಲ್ಲ, ಮತ್ತೆ ಕೇಳಬೇಕು. ಮೂರನೆಯ ಸಲವೂ ಬರದಿದ್ದರೆ ಬಂದ ದಾರಿ ಹಿಡಿಯಬೇಕು. ಉತ್ತರ ಕೊಡುವವರು ಕಪೇಕಾ ದೊಡ್ಡಮ್ಮ. ಊರಿಗೆಲ್ಲ ದೊಡ್ಡಮ್ಮ. ಚೂಯಿಂಗ್ ಗಮ್ ಅಗಿಯುತ್ತ ಹಾಡಿದ ಗಣ್ಯರೊಬ್ಬರನ್ನು ಹಿಂದಕ್ಕೆ ಕಳಿಸಿದ ಖ್ಯಾತಿ ಅವರದು.

ಆ ವರ್ಷ ಮಳೆಗೆ ದೊಡ್ಡ ಮರವೊಂದು ಬಿದ್ದು ಬೇಲಿ ಮುರಿದಿತ್ತು. ಹಂದಿಗಳು ಮದುವೆಮನೆಗೆ ಬಂದಂತೆ ಬರುತ್ತಿದ್ದವು. ಹೊಸ ತಂತಿಗೆ ದುಡ್ಡು ಕೂಡಬೇಕಾದರೆ ವರ್ಷದ ಹಬ್ಬ ನಡೆಯಬೇಕು. ಜನ ಬರುವುದು ವಿಕೋಲಿಯ ತಂಡದ ಕುಣಿತಕ್ಕೆ. ಅವನು ಒಳಗೆ ಬರದಿದ್ದರೆ ಹಬ್ಬವಿಲ್ಲ, ತಂತಿಯಿಲ್ಲ.

ಹಬ್ಬದ ದಿನ ಬೆಳಿಗ್ಗೆ ನೋಡಿದರೆ ದೊಡ್ಡಮ್ಮನ ಗಂಟಲೇ ಹೋಗಿತ್ತು. ಹಿಂದಿನ ದಿನ ಮೊಮ್ಮಗಳ ವಾಲಿಬಾಲ್ ಪಂದ್ಯದಲ್ಲಿ ರೆಫರಿಯನ್ನು ಬೈದು ಬೈದು ಖಾಲಿ ಮಾಡಿಕೊಂಡಿದ್ದರು. ನಮ್ಮನ್ನೆಲ್ಲ ಸಾಲಾಗಿ ನೋಡಿ ನನ್ನ ಕಡೆ ಕೋಲು ತೋರಿಸಿದರು. ನನ್ನ ಹಿಂದೆ ಯಾರಿದ್ದಾರೆಂದು ಎಲ್ಲರೂ ಇಣುಕಿದರು. ನಾನೂ ತಿರುಗಿ ನೋಡಿದೆ.

'ನೀನೇ ಕಣೋ' ಎಂದು ದೊಡ್ಡಮ್ಮ ಪಿಸುಗುಟ್ಟಿದರು. 'ಗಂಟಲು ಅಂತ ಇರೋದು ನಿನಗೊಬ್ಬನಿಗೇ. ಇಷ್ಟು ವರ್ಷ ಕೇಳಿದೀಯಲ್ಲ, ಬರುತ್ತೆ ತಾನೇ?'

'ಬರದೇ ಏನು ದೊಡ್ಡಮ್ಮ!'

ಬ್ರಶ್ಶನ್ನು ಹಬ್ಬಕ್ಕೆಂದು ಬಂದಿದ್ದ ಲಾಹೇಲಾಳಿಗೆ ಒಪ್ಪಿಸಿ, ಹೊಟ್ಟೆಯನ್ನು ಆದಷ್ಟು ಒಳಗೆಳೆದುಕೊಂಡು ಹಗ್ಗದ ಒಳಗೆ ನಿಂತೆ. ದೊಡ್ಡಮ್ಮ ನನ್ನ ಹಿಂದೆ ಜರೀಗಿಡದ ಮರೆಯಲ್ಲಿ ಕುರ್ಚಿ ಹಾಕಿಸಿಕೊಂಡರು. ವಿಕೋಲಿಯ ತಂಡ ಬೂಟು ತಿಕ್ಕಿಸಿಕೊಂಡು ಬಂದಿತು. ನನ್ನನ್ನು ಕಂಡು ಅವನ ಹುಬ್ಬು ಕೂದಲ ತನಕ ಹೋಯಿತು. ಆದರೂ ಹಾಡಿದರು. ಚೆನ್ನಾಗಿಯೇ ಹಾಡಿದರು.

ನಾನು ಬಾಯಿ ತೆರೆದೆ. ಟೈರಿನ ವಾಲ್ವು ಒತ್ತಿದಂತೆ ಬರೀ ಗಾಳಿ ಹೊರಟಿತು. ಉತ್ತರದ ಮೊದಲ ಸಾಲು ಮರೆತುಹೋಗಿತ್ತು. ಎರಡನೆಯದೂ ಇರಲಿಲ್ಲ. ತಲೆಯೊಳಗೆ ಎಷ್ಟು ತಡಕಿದರೂ ರೇಡಿಯೋದಲ್ಲಿ ಬರುವ ನಮ್ಮ ಅಂಗಡಿಯ ಜಾಹೀರಾತೊಂದೇ ಸಿಗುತ್ತಿತ್ತು. ಬಾಯಿ ಮುಚ್ಚಿದೆ. ದೊಡ್ಡಮ್ಮನ ಕೋಲು ನನ್ನ ಬೆನ್ನಿಗೆ ತಿವಿಯಿತು.

'ಒಪ್ಪಲಿಲ್ಲ' ಎಂದು ಆಚೆ ಯಾರೋ ಪಿಸುಗುಟ್ಟಿದರು.

ವಿಕೋಲಿ ತನ್ನ ಕಪ್ಪು ಕನ್ನಡಕ ತೆಗೆದ. ಎಲ್ಲರೂ ನೆಟ್ಟಗೆ ನಿಂತರು. ಎರಡನೆಯ ಸಲ ಹಾಡಿದ್ದು ಕೇಳಿ ನನ್ನ ಕತ್ತಿನ ಕೂದಲು ಎದ್ದು ನಿಂತವು, ಕಣ್ಣಲ್ಲಿ ನೀರೂ ಬಂತು. ಮೊದಲ ಸಾಲು ಮಾತ್ರ ಬರಲಿಲ್ಲ. ಹುಡುಕಲು ಸುಲಭವಾಗಲೆಂದು ಕಣ್ಣು ಮುಚ್ಚಿದೆ. ಹೊರಗಿನಿಂದ ನೋಡುವವರಿಗೆ ಅದು ತಪಸ್ಸಿನಂತೆ ಕಂಡಿತಂತೆ.

ವಿಕೋಲಿ ತಂಡದ ಕಡೆ ತಿರುಗಿದ. 'ಯಾರ ಮನಸ್ಸಲ್ಲಿ ಏನಿದ್ಯೋ ಈಗ್ಲೇ ಹೇಳ್ಬಿಡಿ. ಇವ್ರಿಗೆ ಕಾಣಿಸ್ತಿದೆ.'

'ಗುರುಗಳೇ, ನಾನು ಆಫೀಸಲ್ಲಿ ಜ್ವರ ಅಂತ ಹೇಳಿ ಬಂದಿದೀನಿ' ಎಂದಿತು ಒಂದು ದನಿ.

'ಮುಂದಿನ ಸಾಲಲ್ಲಿರೋಳು ಕಾಲು ಉಳುಕಿಸ್ಕೊಳ್ಲಿ ಅಂತ ನಾನು ಬೇಡ್ಕೊಂಡಿದ್ದೆ' ಎಂದಿತು ಇನ್ನೊಂದು.

'ಏನಂದೆ?' ಎಂದಳು ಮುಂದಿನ ಸಾಲಿನವಳು.

ಜಿಟಿಜಿಟಿ ಮಳೆ ಹಿಡಿಯಿತು. ನಾನು ಕಣ್ಣು ತೆರೆಯಲಿಲ್ಲ, ತೆರೆದರೆ ಏನಾದರೂ ಹೇಳಬೇಕಾಗುತ್ತಿತ್ತು. ಹೆಜ್ಜೆಯ ಸದ್ದು ಹಗ್ಗದ ತನಕ ಬಂದು ನಿಂತಿತು.

'ಸಾಕು ಭಾವ' ಎಂದ ವಿಕೋಲಿ. ಅಂಥ ಮೆತ್ತಗಿನ ದನಿ ಅವನಿಗೆ ಉಂಟೆಂದೇ ನನಗೆ ಗೊತ್ತಿರಲಿಲ್ಲ. 'ನಿಮಗೆ ಹೇಗೆ ಗೊತ್ತಾಯ್ತು?'

'ಹೂಂ' ಎಂದೆ. ನನ್ನ ಬಳಿ ಇದ್ದದ್ದು ಅಷ್ಟೇ.

ಅವನು ಹೋಗಿ ಐಸ್ ಪೆಟ್ಟಿಗೆ ಎತ್ತಿಕೊಂಡು ಬಂದು ಮುಚ್ಚಳ ತೆಗೆದ. ನಾನು ಕಣ್ಣು ಬಿಟ್ಟೆ. ಒಳಗೆ ತಲೆಗೆ ಮುಡಿಯುವ ಲೆಹುವಾ ಹಾರಗಳು, ಕೆಂಡದ ಹಾಗೆ. ಊಟದ ಪೆಟ್ಟಿಗೆ ಎಂದು ಹೇಳಿ ಅಕ್ಕನ ಮುಂದೆಯೇ ಬೂಟಿನ ಮೇಜು ದಾಟಿಸಿದ್ದ.

'ನಮ್ಮ ಹಿತ್ತಲದ್ದು. ಅಮ್ಮ ನೆಟ್ಟ ಮರ' ಎಂದ. 'ಒಂದು ಕಡೆ ಎಲೆ ಕಂದಾಗಿದೆ. ಗೊತ್ತು ನನಗೆ, ಹೋಗುತ್ತೆ. ಹೋಗೋ ಮುಂಚೆ ಒಂದ್ಸಲ ಅದರ ಹೂವು ಇಲ್ಲಿ ಕುಣೀಲಿ ಅನ್ನಿಸ್ತು.'

ಅದು ಲಾಹೇಲಾಳ ಅಮ್ಮನ ಮರವೂ ಹೌದು. ಅವಳು ಬಂದು ಪೆಟ್ಟಿಗೆಯ ಮುಚ್ಚಳ ಹಾಕಿದಳು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಳು, ಮೇಲೆ ಮತ್ತೊಮ್ಮೆ ಸುತ್ತಿದಳು. ತಮ್ಮನ ಕೈ ಹಿಡಿದು, ಚಿಕ್ಕ ಹುಡುಗನಿಗೆ ಮಾಡುವಂತೆ, ಉಗುರು ಉಗುರಿಗೂ ಸ್ಪಿರಿಟ್ ಹಾಕಿ ಉಜ್ಜಿದಳು. 'ಕತ್ತೆ' ಎಂದಳು. ಅವನು ಮೂಗೆಳೆದುಕೊಂಡ. ಪೆಟ್ಟಿಗೆ ಕಾರಿಗೆ ಹೋಯಿತು. ತಂಡ ಹೂವಿಲ್ಲದ ಬರಿದಲೆಯಲ್ಲೇ ಮಳೆಯಲ್ಲಿ ನಿಂತು ಮೂರನೆಯ ಸಲ ಹಾಡಿತು.

ಇದೇ ಕೊನೆ. ಈಗಲೂ ನಾನು ಕಲ್ಲಿನ ಹಾಗೆ ನಿಂತರೆ ಅಷ್ಟೂ ಜನ ತಿರುಗಿ ಹೋಗುತ್ತಾರೆ, ಬೇಲಿ ಮುರಿದೇ ಇರುತ್ತದೆ, ಅಮ್ಮನ ಹೂವು ಬಿಟ್ಟು ಬಂದವನಿಗೆ ಬಾಗಿಲೂ ಇಲ್ಲವಾಗುತ್ತದೆ. ಕೋಲು ಬೆನ್ನು ತೂತು ಮಾಡುತ್ತಿತ್ತು. ಉಸಿರೆಳೆದು ಬಾಯಿ ತೆರೆದೆ. ನನ್ನಮ್ಮ ಜಗಲಿಯಲ್ಲಿ ನಿಂತು ದಾರಿಯಲ್ಲಿ ಹೋಗುವವರನ್ನೆಲ್ಲ, ಗುರುತಿರಲಿ ಬಿಡಲಿ, ಕೂಗುತ್ತಿದ್ದ ಕೂಗು ಬಂದುಬಿಟ್ಟಿತು:

'ಬನ್ರೋ! ಒಳಗೆ ಬನ್ನಿ! ಊಟ ಮಾಡ್ಕೊಂಡು ಹೋಗಿ!'

ಕಣಿವೆಯ ಹಕ್ಕಿಗಳೆಲ್ಲ ಎದ್ದು ಹಾರಿದವು. ಜರೀಗಿಡದ ಮರೆಯಿಂದ ಕುರ್ಚಿ ಕಿರುಗುಟ್ಟುವ ಸದ್ದು ಬಂತು. ದನಿಯಿಲ್ಲದ ದೊಡ್ಡಮ್ಮ ನಗುತ್ತ ಅಲ್ಲಾಡುತ್ತಿದ್ದರು. ವಿಕೋಲಿ ತಲೆ ಬಾಗಿಸಿದ. ನಾನು ಹಗ್ಗ ಬಿಚ್ಚಿದೆ.

ಒಬ್ಬೊಬ್ಬರಾಗಿ, ನಮ್ಮಲ್ಲಿ ಬರಮಾಡಿಕೊಳ್ಳುವ ರೀತಿಯಂತೆ, ಹಣೆಗೆ ಹಣೆ, ಮೂಗಿಗೆ ಮೂಗು ತಾಗಿಸಿ ಒಳಗೆ ಬಂದರು. ವಿಕೋಲಿಯ ಹಣೆ ತಣ್ಣಗಿತ್ತು. 'ಇಷ್ಟು ಹಳೇ ಕಾಲದ ಉತ್ತರ ಯಾರ ಹತ್ರ ಕಲಿತ್ರಿ ಭಾವ?' ಎಂದ.

'ಅಮ್ಮನ ಹತ್ರ' ಎಂದೆ. ಆ ದಿನ ನಾನು ಆಡಿದ ಅತಿ ಸತ್ಯವಾದ ಮಾತು ಅದೇ.

ತಲೆಗೆ ಹೂವಿಲ್ಲದೆಯೇ ಕುಣಿದರು. ತಂತಿ ಬಂತು. ನನ್ನನ್ನು ಬೇಲಿಯ ಹತ್ತಿರ ಬಿಡಲಿಲ್ಲ.

ಗಂಟಲು ಮರಳಿದೊಡನೆ ದೊಡ್ಡಮ್ಮ ಕರೆಸಿದರು. 'ಮರೆತೋಗಿತ್ತು ತಾನೇ?'

'ಪೂರ್ತಿ.'

'ಬಾಯಿ ಮುಚ್ಕೊಂಡಿರು. ಅವನಾಗಿ ಪೆಟ್ಟಿಗೆ ತಂದಿಟ್ಟ, ಅಷ್ಟು ಸಾಕು. ಕೂತ್ಕೋ ಇಲ್ಲಿ, ಮೊದಲ ಸಾಲಿಂದ ಶುರು ಮಾಡು.'

ಕಲಿತೆ. ಈಗ ನಿದ್ದೆಯಲ್ಲಿ ಎಬ್ಬಿಸಿದರೂ ತಪ್ಪಿಲ್ಲದೆ ಹೇಳುತ್ತೇನೆ. ಮುಂದಿನ ಹಬ್ಬಕ್ಕೆ, ನನ್ನ ಮೌನದ ಸುದ್ದಿ ಕೇಳಿ, ದ್ವೀಪದ ಆಚೆ ಬದಿಯ ಕೋನಾದಿಂದ ಒಂದು ತಂಡ ಬಂತು. ಅವರು ಹಾಡಿ ಮುಗಿಸುವಷ್ಟರಲ್ಲೇ ನಾನು ಉತ್ತರವನ್ನು ಅಕ್ಷರ ಬಿಡದೆ ಹಾಡಿ ಹಗ್ಗಕ್ಕೆ ಕೈ ಹಾಕಿದೆ. ಯಾರೂ ಕದಲಲಿಲ್ಲ. ಅವರ ಗುರು ನನ್ನನ್ನೂ ಹಗ್ಗವನ್ನೂ ನೋಡಿ, ಮುಖ ಸಣ್ಣ ಮಾಡಿಕೊಂಡು ಕೇಳಿದಳು:

'ಅಷ್ಟೇನಾ? ನಮ್ಮನ್ನ ಒಂದ್ಸಲ ಸರಿಯಾಗಿ ನೋಡೋದೂ ಇಲ್ವಾ?'