ಹಾರಿಹೋದ ಅಕ್ಕಿ

ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಹೊರಬಂದ ದಿನದಿಂದ ಒಂದು ಅಕ್ಷರ ನನ್ನ ನೆಮ್ಮದಿ ಕೆಡಿಸಿದೆ. ಹಕಾರ. ಯಾರಾದರೂ ಆ ಆಲ್ಬಂ ಹೊಗಳಿದರೆ ಸಾಕು, ಕೂತಲ್ಲಿ ಕೂರಲಾಗುವುದಿಲ್ಲ.

ಹಾಸನದಲ್ಲಿ ಮೋಟಾರ್ ರಿಪೇರಿ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಾವು ನಾಲ್ವರು ಕಿವಿ ತೂತಾಗುವಂತೆ ಬಾರಿಸುತ್ತಿದ್ದೆವು. ನಾನು ಗಿಟಾರ್, ಹಾಡು ಬರೆಯುವವನೂ ನಾನೇ. ಆದರೆ ಆಲ್ಬಮ್ಮಿನ ಮುಖ್ಯ ಹಾಡಿನ ಪಲ್ಲವಿ ನಮ್ಮಮ್ಮನದು. ಹೊಳೆನರಸೀಪುರದ ಬಾಡಿಗೆ ಮನೆಯಲ್ಲಿ ಡಬ್ಬ ಬರಿದಾದ ದಿನ ಅವಳು ಬೀಗ ಹಾಕದೆ ಕೂಲಿಗೆ ಹೊರಡುತ್ತಿದ್ದಳು. ಯಾಕೆಂದು ಕೇಳಿದರೆ ನಗುತ್ತಾ, "ಮನೇಲಿ ಅಕ್ಕಿ ಇಲ್ಲ, ಬಾಗ್ಲು ತೆಗ್ದೈತೆ. ಕಳ್ಳ ಬಂದ್ರೆ ಅವ್ನೇ ಏನಾರ ಇಟ್ಬುಟ್ಟೋಗ್ಲಿ" ಅನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಆ ಮಾತನ್ನು ಪಲ್ಲವಿ ಮಾಡಿದೆ. ಅವಳದೆಂದು ನನ್ನ ಹತ್ತಿರ ಉಳಿದಿದ್ದು ಅದೊಂದೇ.

ಹಾಡುವವನು ಅರಕಲಗೂಡಿನ ಗೆಳೆಯ. ಗಂಟಲು ಗುಡುಗು, ಹಕಾರ ಮಾತ್ರ ಹುಟ್ಟಿನಿಂದಲೇ ಇಲ್ಲ. ಅವನಿಗೆ ಹಾಸನ ಆಸನ, ಹೊಳೆ ಒಳೆ, ಅಕ್ಕಿಯೂ ಅಕ್ಕಿ, ಹಕ್ಕಿಯೂ ಅಕ್ಕಿ. ಶೆಡ್ಡಿನಲ್ಲಿ ಪಲ್ಲವಿಯನ್ನು ಸರಿಯಾಗಿಯೇ ಹಾಡುತ್ತಿದ್ದ. ಬೆಂಗಳೂರಿನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುತ್ತಿದ್ದವನು ಇವನ "ಓಗು" ಕೇಳಿ ಕಿಸಕ್ಕನೆ ನಕ್ಕಿದ್ದೇ ತಪ್ಪಾಯಿತು. ಅವಮಾನವಾಗಿ, ಬೇಕಾದಲ್ಲೂ ಬೇಡವಾದಲ್ಲೂ ಹಕಾರ ಹಚ್ಚತೊಡಗಿದ. ನಾನು ಟೀ ಕುಡಿದು ಬರುವಷ್ಟರಲ್ಲಿ "ಮನೇಲಿ ಹಕ್ಕಿ ಇಲ್ಲ, ಬಾಗಿಲು ತೆಗೆದಿದೆ" ಎಂದು ಕಿರುಚಿ ಹಾಡಿ ಮುಗಿಸಿದ್ದ. ಮತ್ತೆ ಹಾಡಿಸೋಣವೆಂದರೆ ಗಂಟಲು ಕೂತುಹೋಗಿತ್ತು. ಅದೇ ಹೊರಬಂತು.

ಜನ ಮುಗಿಬಿದ್ದರು. ಹಕ್ಕಿ ಎಂದರೆ ಪ್ರಾಣವಂತೆ, ಬಾಗಿಲು ಎಂದರೆ ದೇಹವಂತೆ. ಜಿಲ್ಲೆಯಲ್ಲಿ ಆಮೇಲೆ ಹುಟ್ಟಿದ ಬ್ಯಾಂಡುಗಳೆಲ್ಲ ಈ ಹಾಡಿನಿಂದಲೇ ಶುರುಮಾಡಿದವು, ಅವರು ಬರೆದ ಹಾಡುಗಳಲ್ಲೂ ಒಂದೊಂದು ಹಕ್ಕಿ ಬಂದು ಕೂತಿತು. ಕೊಣನೂರು ಬಸ್ಸಿನಲ್ಲಿ ಒಬ್ಬನ ತೋಳಿನ ಮೇಲೆ ತೆರೆದ ಬಾಗಿಲಿನ ಹಚ್ಚೆ ನೋಡಿದೆ. ರುದ್ರಪಟ್ಟಣದ ಸಂಗೀತೋತ್ಸವದಲ್ಲಿ ಹಿರಿಯ ವಿದ್ವಾಂಸರೊಬ್ಬರು ನನ್ನ ಕೈ ಹಿಡಿದು, ಇಷ್ಟು ಚಿಕ್ಕ ವಯಸ್ಸಿಗೆ ಇಂಥ ವೈರಾಗ್ಯವೇ ಎಂದರು. ವೈರಾಗ್ಯವೂ ಇಲ್ಲ, ಮಣ್ಣೂ ಇಲ್ಲ. ನಮ್ಮಮ್ಮನ ಖಾಲಿ ಡಬ್ಬ ಮುಂದಿಟ್ಟುಕೊಂಡು ಊರವರೆಲ್ಲ ವೇದಾಂತ ಹೇಳುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ವರ್ಷ ಆಲ್ಬಮ್ಮನ್ನು ಹೊಸದಾಗಿ ನೆಟ್ಟಿಗೆ ಹಾಕುವ ಮಾತು ಬಂತು. ಆ ಸಾಲನ್ನು ತಿದ್ದಿ ಹಾಡದಿದ್ದರೆ ಒಪ್ಪುವುದಿಲ್ಲ ಎಂದು ಹಟ ಹಿಡಿದೆ. ಅರಕಲಗೂಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯ ತಕರಾರು ಮಾಡಲಿಲ್ಲ. ಹಕ್ಕಿ ಎಂದೇ ಹಾಡಿ ಹಾಡಿ ನಾಲಿಗೆಗೆ ಅಂಟಿಬಿಟ್ಟಿದೆ, ಅಭ್ಯಾಸ ಮಾಡಬೇಕು ಎಂದನಷ್ಟೆ.

ಅಷ್ಟರಲ್ಲಿ ಚನ್ನರಾಯಪಟ್ಟಣದ ಕಾಲೇಜೊಂದು ನನ್ನನ್ನು ಕಾರ್ಯಕ್ರಮಕ್ಕೆ ಕರೆಯಿತು. ನಿಜವನ್ನು ಅಲ್ಲೇ ಮೈಕಿನಲ್ಲಿ ಹೇಳಿಬಿಡಬೇಕೆಂದು ಹೋದೆ. ನನಗಿಂತ ಮೊದಲು ವಿದ್ಯಾರ್ಥಿಗಳ ಬ್ಯಾಂಡ್ ನಮ್ಮ ಹಾಡನ್ನೇ ಎತ್ತಿಕೊಂಡಿತು. ಹಾಡಿದ ಹುಡುಗಿ ಕಟ್ಟಾಯ ಕಡೆಯವಳಂತೆ. ಅವಳ ಬಾಯಲ್ಲಿ ಹಕಾರ ಬಿದ್ದುಹೋಗಿ "ಮನೇಲಿ ಅಕ್ಕಿ ಇಲ್ಲ" ಎಂದೇ ಬಂತು. ವೇದಿಕೆಯ ಮೇಲೆ ನಮ್ಮಮ್ಮನ ಮಾತು ಅಮ್ಮ ಆಡಿದ ಹಾಗೇ ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿತು.

ಇಳಿದು ಬಂದವಳನ್ನು ಪಕ್ಕಕ್ಕೆ ಕರೆದು, ಯಾವ ಅಕ್ಕಿಯಮ್ಮಾ ಅದು ಎಂದು ಕೇಳಿದೆ. ಅವಳು ಗೆಳತಿಯರ ಕಡೆ ನೋಡಿ ದನಿ ತಗ್ಗಿಸಿದಳು.

"ಮೈಕಲ್ಲಿ ರೆಕ್ಕೆ ಬಡ್ಕಂಡು ಆರೋ ಅಕ್ಕಿ ಸಾ. ನಮ್ಮನೇಲಿ ಇಲ್ದೇ ಇದ್ದಿದ್ದು ಇನ್ನೊಂದು. ಅದನ್ನ ಎಲ್ರ ಮುಂದೆ ಬಾಯ್ಬಿಟ್ಟು ಯೋಳಕ್ಕಾಯ್ತದಾ?"

ನನ್ನ ಸರದಿ ಬಂದಾಗ ಹಳೆಯ ಗಿಟಾರಿನ ಬಗ್ಗೆ ಏನೋ ಹೇಳಿ ಇಳಿದೆ. ಬಸ್ ಸ್ಟ್ಯಾಂಡಿನಿಂದ ಗೆಳೆಯನಿಗೆ ಫೋನ್ ಮಾಡಿದೆ. ಅವನು ನನ್ನ ಮಾತಿಗೂ ಕಾಯದೆ, ದಿನಾ ಅಂಗಡಿ ತೆಗೆಯುವಾಗ ಹಾಡಿಕೊಳ್ಳುತ್ತಿದ್ದೇನೆ, ಈಗ ಹಕಾರ ನುಸುಳುವುದಿಲ್ಲ ಎಂದ. ಬೇಡ, ಹಳೆಯ ಹಕ್ಕಿಯೇ ಇರಲಿ ಎಂದೆ.

ಅವನು ಕೇಳಿದ, "ಅಲ್ಲ ಕಣ್ಲಾ, ಅಂಗಾರೆ ಇಷ್ಟು ವರ್ಸ ನನ್ನ ಯಾಕ್ಲಾ ಉರ್ದು ತಿಂದೆ?"

ಬಸ್ಸು ಬಂತು ಎಂದು ಫೋನ್ ಇಟ್ಟೆ. ಹಾಸನದ ಬಸ್ಸು ಹತ್ತಿದೆ. ಸೀಟು ಖಾಲಿಯಿದ್ದರೂ ಊರು ಮುಟ್ಟುವವರೆಗೆ ನಿಂತೇ ಬಂದೆ.