ಅಕ್ಕನ ಟೊಪ್ಪಿ ಕಾರಿಗೆ ಡೀಸೆಲ್ ಎಂಜಿನ್

ಸಿದ್ದಾಪುರದಲ್ಲಿ ನನ್ನ ಅಕ್ಕನ ಹೆಸರು ಗೊತ್ತಿಲ್ಲದವರಿಗೂ ‘ಟೊಪ್ಪಿ ಕಾರಿನ ಟೀಚರ್’ ಎಂದರೆ ಗೊತ್ತಾಗುತ್ತದೆ. ಎರಡೇ ಬಾಗಿಲಿನ ಹಳೆಯ ಕಾರು ಅದು. ತಗಡಿನ ಮಾಡಿನ ಬದಲು ಕ್ಯಾನ್ವಾಸಿನ ಹುಡ್ ಇದೆ. ಹಿಂದಕ್ಕೆ ಮಡಚಿಬಿಟ್ಟರೆ ಕಾರು ಪೂರ್ತಿ ಬಯಲು. ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು, ಭಾವ ಅದೇ ಶಾಲೆಯ ಡ್ರಾಯಿಂಗ್ ಮಾಸ್ತರು. ಆ ಹೆಸರಿಟ್ಟವರು ಅವರ ವಿದ್ಯಾರ್ಥಿಗಳು. ಕಾರು ಕೊಂಡವನು ಭಾವನಾದರೂ ಸ್ಟೇರಿಂಗ್ ಹಿಡಿದವಳು ಅಕ್ಕ. ಭಾವನಿಗೆ ಗೇರ್ ಹಾಕುವುದಕ್ಕಿಂತ ಗೇರ್ ಬಾಕ್ಸ್ ಬಿಚ್ಚಿ ಹರಡಿಕೊಂಡು ಕೂರುವುದರಲ್ಲೇ ಆಸೆ. ನನ್ನದು ಶಿರಸಿಯಲ್ಲಿ ಸೀಟ್ ಕವರ್, ತಾಡಪತ್ರಿ ಹೊಲಿಯುವ ಅಂಗಡಿ. ಹುಡ್ ಹರಿದಾಗಲೆಲ್ಲ ಕಾರು ನನ್ನ ಅಂಗಡಿಯ ಮುಂದೆ ಬಂದು ನಿಲ್ಲುತ್ತಿತ್ತು.

ಇಬ್ಬರೂ ನಿವೃತ್ತರಾದ ಮೇಲೆ ಒಂದು ದಿನ ಶಿರಸಿಯಿಂದ ಮನೆಗೆ ಹೋಗುವಾಗ ಕಾರು ಹೊಗೆ ಕಾರಿ ನಿಂತುಬಿಟ್ಟಿತು. ಪಿಸ್ಟನ್ ಸುಟ್ಟು ಹಿಡಿದುಕೊಂಡಿತ್ತು. ಆ ಪೆಟ್ರೋಲ್ ಎಂಜಿನ್ನಿನ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ.

“ಬಿಡು ತಮಾ, ಸಾಕು,” ಎಂದಳು ಅಕ್ಕ. “ಅದಕ್ಕೂ ವಯಸ್ಸಾತು, ಯಂಗೂ ವಯಸ್ಸಾತು.”

ಇಷ್ಟು ಸುಲಭಕ್ಕೆ ಅವಳು ಕೈಬಿಟ್ಟದ್ದು ನಮಗೆ ಸೋಜಿಗ. ಕಾರು ನಾನೇ ಹೊಲಿದುಕೊಟ್ಟ ತಾಡಪತ್ರಿಯ ಅಡಿಗೆ ಹೋಯಿತು. ಕೆಲವು ದಿನ ಅಕ್ಕ ಬಸ್ಸಿನಲ್ಲಿ ಓಡಾಡಿದಳು, ಆಮೇಲೆ ಓಡಾಟವೇ ಕಡಿಮೆಯಾಯಿತು. ಮನೆಗೆ ಯಾರಾದರೂ ಬಂದರೆ ಚಹಾ ಕೊಟ್ಟು ಒಳಗೆ ಹೋಗಿಬಿಡುವಳು. ಶಾಲೆ ಬಿಟ್ಟ ಬೇಸರ ಎಂದುಕೊಂಡೆವು.

ಭಾವನಿಗೆ ಅದನ್ನು ನೋಡುತ್ತ ಕೂರಲು ಆಗಲಿಲ್ಲ. ಒಂದು ಬೆಳಿಗ್ಗೆ ನನ್ನ ಅಂಗಡಿಗೆ ಬಂದ. ನಾವು ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ.

“ಭಾವಾ, ಯಲ್ಲಾಪುರದಲ್ಲಿ ಒಂದು ಟರ್ಬೊ ಡೀಸೆಲ್ ಎಂಜಿನ್ ಇದ್ದಡ. ಮರ ಬಿದ್ದು ವ್ಯಾನು ಚಪ್ಪಟೆ ಆಜು, ಎಂಜಿನ್ನಿಗೆ ಎಂತೂ ಆಜಿಲ್ಲೆ.”

“ಅಕ್ಕಂಗೆ ಗೊತ್ತಿದ್ದಾ?”

“ಗೊತ್ತಿದ್ದು. ಬ್ಯಾಡ ಹೇಳ್ತು. ಅದಕ್ಕೇ ಮಾಡವು, ಬಿಡಲಾಗ.”

ಕಾರನ್ನು ಲಾರಿಯಲ್ಲಿ ಹೇರಿಕೊಂಡು ಹೋದೆವು. ಯಲ್ಲಾಪುರದ ಗ್ಯಾರೇಜಿನ ಮೇಸ್ತ್ರಿ ಹಾವೇರಿ ಕಡೆಯವರು. ಕಾರನ್ನು ಸುತ್ತುಹಾಕಿ ನೋಡಿ, “ಬ್ಯಾಡ್ರಿ ಸರ. ಆಡಿನ ಮ್ಯಾಲೆ ಎತ್ತು ಹೇರಿದಂಗ ಆಗತೈತ್ರಿ,” ಎಂದರು. ಭಾವ ಜೇಬಿನಿಂದ ಸೀಮೆಸುಣ್ಣ ತೆಗೆದು ಗ್ಯಾರೇಜಿನ ನೆಲದ ಮೇಲೆ ಕಾರಿನ ಮುಂಭಾಗವನ್ನೂ ಅದರೊಳಗೆ ಎಂಜಿನ್ನನ್ನೂ ನಿಜದ ಅಳತೆಯಲ್ಲೇ ಬರೆದ. ಮೇಸ್ತ್ರಿ ಒಂದು ಗೆರೆ ಅಳಿಸಿದರು, ಭಾವ ಇನ್ನೊಂದು ಎಳೆದ. ಮಧ್ಯಾಹ್ನದ ಊಟದ ಹೊತ್ತಿಗೆ ಇಬ್ಬರೂ ಮಂಡಿಯೂರಿ ಕೂತು ಜಗಳವಾಡುತ್ತಿದ್ದರು. ಆಗಲೇ ನನಗೆ ಗೊತ್ತಾಯಿತು, ಕೆಲಸ ಶುರುವಾಗಿದೆ ಎಂದು.

ಮೊದಲು ಆರ್‌ಟಿಒ ಕಛೇರಿಯ ಅನುಮತಿ ಆಗಬೇಕು. ಪೆಟ್ರೋಲ್ ಕಾರು ಡೀಸೆಲ್ ಆಗುವುದೆಂದರೆ ಅಷ್ಟು ಸಲೀಸಲ್ಲ. ಅಲ್ಲಿ ಓಡಾಡಿ ಓಡಾಡಿ ಭಾವನ ಚಪ್ಪಲಿ ಸವೆಯಿತು. ಆಮೇಲೆ ಕಾರಿನದೇ ತಕರಾರು. ಎಂಜಿನ್ ಎತ್ತರವಾಗಿ ಬಾನೆಟ್ ಮುಚ್ಚಲಿಲ್ಲ. ಕತ್ತರಿಸಿ ಡುಬ್ಬ ಎಬ್ಬಿಸಬೇಕಾಯಿತು. ಭಾರಕ್ಕೆ ಮೂತಿ ಕೆಳಗೆ ಕುಸಿಯಿತು; ಗಟ್ಟಿ ಸ್ಪ್ರಿಂಗ್ ಬಂತು. ತಗಡಿನ ಮಾಡು ಇಲ್ಲದ ಕಾರಾದ್ದರಿಂದ ಮೈಯನ್ನು ಮೇಲಿನಿಂದ ಹಿಡಿದಿಡಲು ಏನೂ ಇರಲಿಲ್ಲ. ಹೊಸ ಭಾರಕ್ಕೆ ಅದು ನಡುವಿನಲ್ಲಿ ಎಷ್ಟು ಬಾಗಿತೆಂದರೆ ಬಾಗಿಲುಗಳೇ ಕೂರಲಿಲ್ಲ. ಅಡಿಯಲ್ಲಿ ಎರಡೂ ಬದಿಗೆ ಕಬ್ಬಿಣದ ಚಾನೆಲ್ ಪಟ್ಟಿ ಬೆಸೆದ ಮೇಲೆ ನೆಟ್ಟಗಾಯಿತು.

ಕಡೆಗೊಂದು ದಿನ ಕೀ ತಿರುಗಿಸಿದರು. ಕಾರು ಮೈಮೇಲೆ ದೇವರು ಬಂದ ಹಾಗೆ ನಡುಗಿತು. ಕನ್ನಡಿಯಲ್ಲಿ ನನಗೆ ಎರಡೆರಡು ಮುಖ ಕಂಡವು. ಮೇಸ್ತ್ರಿ ಎಂಜಿನ್ನನ್ನು ದಪ್ಪ, ಗಡುಸಾದ ರಬ್ಬರಿನ ಮೇಲೆ ಕೂರಿಸಿದ್ದರು. “ಇಷ್ಟ ಭಾರಕ್ಕ ಇದ ಬೇಕ್ರಿ,” ಎಂದರು.

ಸಿದ್ದಾಪುರಕ್ಕೆ ತಂದಾಗ ಅಕ್ಕ ಒದ್ದೆ ಕೈಯಲ್ಲೇ ಅಂಗಳಕ್ಕೆ ಬಂದಳು. ಬೈಯಲೆಂದೇ ಬಂದವಳು ಅವಳು, ಮುಖ ನೋಡಿದರೇ ತಿಳಿಯುತ್ತಿತ್ತು. ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ತೆಗೆಯಲಿಲ್ಲ. ಆಮೇಲೆ ಬಂದು ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಳು. ಎಂಜಿನ್ ಓಡುತ್ತಲೇ ಇತ್ತು.

“ಬಾಗ್ಲು ಹಾಕು, ತಮಾ,” ಎಂದು ಹೊರಟೇಬಿಟ್ಟಳು.

ಅಲ್ಲಿಂದ ಅಕ್ಕ ಮನೆಯಲ್ಲಿ ಸಿಗುವುದೇ ಕಷ್ಟವಾಯಿತು. ಹೆಗಡೆಕಟ್ಟಾದಲ್ಲಿ ಹಳೆಯ ಸಹೋದ್ಯೋಗಿಯ ಮನೆ, ಶಿರಸಿಯಲ್ಲಿ ನನ್ನ ಅಂಗಡಿ, ಎಲ್ಲಿಗಾದರೂ ಸರಿ. ಹುಡ್ ಮಡಚಿ, ಸೆರಗು ಸಿಕ್ಕಿಸಿ, ಏರು ಬಂದರೆ ಟರ್ಬೊ ಶಿಳ್ಳೆ ಹಾಕಿಸುತ್ತ ಹೋಗುವಳು. ಭಾವ ಪಕ್ಕದಲ್ಲಿ ಕೂತು ಊರಿಗೆಲ್ಲ ಕೈಬೀಸುವನು.

ನನಗೆ ಮಾತ್ರ ಆ ನಡುಕ ಸಹಿಸಲಾಗಲಿಲ್ಲ. ಜನರನ್ನು ಮೆತ್ತಗೆ ಕೂರಿಸುವುದೇ ನನ್ನ ಕಸುಬು. ಹುಡ್ ಹೊಲಿಗೆಗೆಂದು ಕಾರು ನನ್ನಲ್ಲಿಗೆ ಬಂದಾಗ, ಯಾರಿಗೂ ಹೇಳದೆ ಶಿರಸಿಯ ಗ್ಯಾರೇಜೊಂದರಲ್ಲಿ ಎಂಜಿನ್ನಿನ ಅಡಿಗೆ ಮೆತ್ತನೆಯ ಹೊಸ ರಬ್ಬರ್ ಹಾಕಿಸಿದೆ. ಅಕ್ಕನ ಸೀಟಿಗೆ ಒಳ್ಳೆಯ ಫೋಮ್ ಕೂರಿಸಿ, ಸ್ಟೇರಿಂಗಿಗೂ ದಪ್ಪ ಕವರ್ ಹೊಲಿದೆ. ಕಾರು ಬೆಕ್ಕಿನ ಹಾಗೆ ಮೆತ್ತಗಾಯಿತು.

ಆ ವಾರವೇ ಮೂವರೂ ಯಲ್ಲಾಪುರಕ್ಕೆ ಹೋಗಿ, ಮೇಸ್ತ್ರಿಯನ್ನೂ ಹತ್ತಿಸಿಕೊಂಡು ಅರಬೈಲ್ ಘಟ್ಟ ನೋಡಲು ಹೊರಟೆವು. ದಾರಿಯುದ್ದಕ್ಕೂ ಅಕ್ಕ ಕಾರು ಓಡಿಸುವುದು ಸರಿಯಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಎಂಜಿನ್ ಆಫ್ ಆಯಿತು. ಆಫ್ ಆದದ್ದೇ ತಿಳಿಯದವಳಂತೆ ಆಕ್ಸಿಲರೇಟರ್ ತುಳಿಯುತ್ತಿದ್ದಳು. ಘಟ್ಟ ಇಳಿದು ತಿರುಗಿ ಹತ್ತುವಾಗ ಎರಡನೇ ಗೇರಿನಲ್ಲೇ ಕಾರು ಅರಚತೊಡಗಿತು.

“ಗೇರ್ ಹಾಕ್ರಿ ಮೇಡಮ್ಮರ, ಎಂಜಿನ್ ಚೀರಾಕ ಹತ್ತೈತಿ!” ಹಿಂದಿನಿಂದ ಮೇಸ್ತ್ರಿ ಕೂಗಿದರು. ಅಕ್ಕ ತಿರುಗಿಯೂ ನೋಡಲಿಲ್ಲ. ನಾನು ಮುಂದೆ ಬಾಗಿ ಅವಳ ಭುಜ ಮುಟ್ಟಿದೆ. ಅಗಲವಾದ ಜಾಗ ನೋಡಿ ಕಾರು ನಿಲ್ಲಿಸಿದಳು.

“ಎಂತ ಮಾಡಿದ್ದೆ ಇದಕ್ಕೆ?”

ನಾನು ಸಂಭ್ರಮದಿಂದಲೇ ಹೇಳಿದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಸ್ಟೇರಿಂಗಿನಿಂದ ಕೈ ತೆಗೆದು ಮಡಿಲಿನಲ್ಲಿ ಇಟ್ಟುಕೊಂಡಳು.

“ಯಂಗೆ ಕೆಮಿ ಕೇಳ್ತಿಲ್ಲೆ, ತಮಾ. ಬಲದ್ದು ಪೂರ್ತಿ ಹೋಜು, ಎಡದ್ದು ಅಷ್ಟಿಷ್ಟು. ಈ ಎಂಜಿನ್ನು ಕೈಗೆ ಗೊತ್ತಾಗ್ತಿತ್ತು. ಈಗ ಅದೂ ಇಲ್ಲೆ.”

ಶಾಲೆಯ ಕೊನೆಯ ವರ್ಷಗಳಿಂದಲೇ ಹೀಗಿತ್ತಂತೆ. ತುಟಿ ನೋಡಿ, ಮಕ್ಕಳಿಂದ ಬೋರ್ಡಿನ ಮೇಲೆ ಬರೆಸಿ ನಿಭಾಯಿಸಿದ್ದಳು. ಮನೆಯಲ್ಲಿ ಹೇಳಿದರೆ ಕಾರು ಬಿಡಿಸುತ್ತಾರೆ ಎಂಬ ಹೆದರಿಕೆ.

ಭಾವ ಕೆಳಗಿಳಿದು ರಸ್ತೆಯಂಚಿನ ಕಟ್ಟೆಯವರೆಗೆ ಹೋಗಿ ನಿಂತ. ತಿರುಗಿ ಬಂದು ಅವಳ ಎದುರಿಗೇ ನಿಂತು ಕೇಳಿದ: “ಹಂಗಾರೆ ಆ ಪೆಟ್ರೋಲ್ ಎಂಜಿನ್ನು?”

“ಆನೇ ಸುಟ್ಟಿದ್ದು,” ಅಕ್ಕ ತನ್ನತ್ತಲೇ ಬೆರಳು ತೋರಿಸಿದಳು. “ಇದೇ ನಮೂನಿ. ಗೊತ್ತೇ ಆಜಿಲ್ಲೆ.”

“ಮತ್ತೆ ಇಷ್ಟು ವರ್ಷ ಆನು ಹೇಳಿದ್ದು ಎಂತೂ ಕೇಳಿದ್ದೇ ಇಲ್ಯನೇ?”

“ಬೇಕಾದ್ದು ಕೇಳ್ತಿತ್ತು,” ಎಂದಳು ಅಕ್ಕ.

ಮೇಸ್ತ್ರಿ ಮೊದಲು ನಕ್ಕರು. ಆಮೇಲೆ ಭಾವ ನಕ್ಕ. ಅಕ್ಕ ನಗುತ್ತಲೇ ಕಣ್ಣೊರೆಸಿಕೊಂಡಳು. ನನಗೆ ನಗು ಬರಲಿಲ್ಲ. ಒಡಹುಟ್ಟಿದವನಾಗಿಯೂ ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಮೇಸ್ತ್ರಿಯೇ ಕಾರನ್ನು ಗ್ಯಾರೇಜಿಗೆ ಒಯ್ದು ಮೆತ್ತನೆಯ ರಬ್ಬರ್ ಬಿಚ್ಚಿ, ಮೊದಲಿನಂಥ ಗಡುಸು ರಬ್ಬರ್ ಹಾಕಿದರು. ಫೋಮ್ ಮತ್ತು ಸ್ಟೇರಿಂಗ್ ಕವರನ್ನು ನಾನೇ ಕಿತ್ತೆ.

ಭಾವ ಅವಳನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿದ. ಈಗ ಕಿವಿಗೆ ಮಶೀನು ಬಂದಿದೆ. ಮನೆಗೆ ಬಂದವರೊಡನೆ ಅಕ್ಕ ಮತ್ತೆ ಗಂಟೆಗಟ್ಟಲೆ ಹರಟುತ್ತಾಳೆ. ಆದರೆ ಹುಡ್ ಮಡಚಿದರೆ ಗಾಳಿ ಮಶೀನಿನಲ್ಲಿ ಸೋಂ ಎನ್ನುತ್ತದಂತೆ; ಆಗ ತೆಗೆದು ಪರ್ಸಿಗೆ ಹಾಕುತ್ತಾಳೆ. ಅದಕ್ಕೆಂದೇ ಭಾವ ಎರಡೂ ಬದಿಗೆ ದೊಡ್ಡ ಕನ್ನಡಿ ಹಾಕಿಸಿದ್ದಾನೆ. ಹಿಂದೆ ಹಾರ್ನ್ ಕೇಳಿದರೆ ಅವಳ ತೋಳು ತಟ್ಟಿ ಹೇಳುವುದು ಅವನ ಕೆಲಸ. ಅವನು ಪಕ್ಕದಲ್ಲಿಲ್ಲದೆ ಹುಡ್ ಮಡಚುವ ಹಾಗಿಲ್ಲ ಎಂದು ಕರಾರಾಗಿದೆ.

ಮೊನ್ನೆ ಹುಲೇಕಲ್ಲಿಗೆ ಹೋಗುವಾಗ ನಾನು ಹಿಂದಿನ ಸೀಟಿನಲ್ಲಿದ್ದೆ. ಭಾವ ತಟ್ಟಿದ. ಅಕ್ಕ ಬದಿಗೆ ಸರಿದು ಕನ್ನಡಿ ನೋಡಿ, “ಸೈಕಲ್ಲಿಗೆಲ್ಲಾ ತಟ್ಟದು ಬ್ಯಾಡ!” ಎಂದು ಗದರಿದಳು. ಸೈಕಲ್ಲು ಹಿಂದೆ ಉಳಿಯಿತು. ಸ್ವಲ್ಪ ದೂರ ಹೋಗುವುದರೊಳಗೆ ಭಾವ ಮತ್ತೆ ತಟ್ಟಿದ. ನಾನು ತಿರುಗಿ ನೋಡಿದೆ. ರಸ್ತೆ ಖಾಲಿ.

“ಭಾವಾ, ಹಿಂದೆ ಯಾರೂ ಇಲ್ಲೆ,” ಎಂದೆ.

“ಗೊತ್ತಿದ್ದು, ಸುಮ್ನಿರು,” ಎಂದು ಭಾವ ಇನ್ನೊಂದು ಸಲ ತಟ್ಟಿದ.